ಜಾರಿದ ವಸಡಿಗೆ ಹೊಲಿಗೆ: ಟೇಲರ್ ಅಂಗಡಿಯ ಅಳತೆ ಪುಸ್ತಕದಿಂದ

ದಾವಣಗೆರೆಯಲ್ಲಿ 22 ವರ್ಷದಿಂದ ನಾನು ಲೇಡೀಸ್ ಟೇಲರ್. ನನ್ನ ಅಳತೆ ಪುಸ್ತಕದಲ್ಲಿ ಗಿರಾಕಿಗಳ ಎದೆ, ಸೊಂಟ, ತೋಳಿನ ಅಳತೆಗಳ ನಡುವೆ ಒಂದು ಹಾಳೆ ಬೇರೆ ಥರ ಇದೆ. ಅದರಲ್ಲಿ ಇಂಚಿಲ್ಲ, ಮಿಲಿಮೀಟರ್ ಇದೆ. ಮೇಲಿನ ಎಡ ಕೋರೆಹಲ್ಲು 4. ಅದರ ಹಿಂದಿನ ಹಲ್ಲು 3. ಕೆಳಗೆ ಮುಂಭಾಗದ ಒಂದು ಹಲ್ಲು 3. ನನ್ನ ವಸಡು ಎಲ್ಲೆಲ್ಲಿ ಎಷ್ಟು ಜಾರಿ ಬೇರು ಕಾಣುತ್ತಿತ್ತು ಎಂಬ ಲೆಕ್ಕ ಅದು.

ಈ ಮೂರು ಹಲ್ಲಿಗೆ ಎರಡು ಆಪರೇಷನ್ ಆದವು. ಎರಡೂ ಒಂದೇ ಥರದ್ದಲ್ಲ. ಒಂದು ಚೆನ್ನಾಗಿ ಮುಚ್ಚಿತು, ಇನ್ನೊಂದು ಅರ್ಧ ಮುಚ್ಚಿತು. ಅರ್ಧ ಮುಚ್ಚುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು, ಹಾಗೇ ಆಯಿತು. ಅಂಗಡಿಗೆ ಬಂದವರು ಈಗ ಬ್ಲೌಸ್ ಟ್ರಯಲ್ ಬಿಟ್ಟು ನನ್ನ ಬಾಯಿ ನೋಡುತ್ತಾರೆ. "ಅಕ್ಕ, ವಸಡು ಮತ್ತೆ ಬೆಳೀತಾ?" ಅಂತ ಕೇಳುತ್ತಾರೆ. ಇಲ್ಲ, ಬೆಳೆಯುವುದಿಲ್ಲ. ಜಾರಿದ ವಸಡನ್ನು ಯಾವ ಪೇಸ್ಟೂ, ಯಾವ ಎಣ್ಣೆಯೂ ವಾಪಸ್ ತರುವುದಿಲ್ಲ. ಇರುವ ವಸಡನ್ನೇ ಸಡಿಲ ಮಾಡಿ ಎಳೆಯಬೇಕು, ಇಲ್ಲವೇ ಬೇರೆ ಕಡೆಯಿಂದ ತುಂಡು ತಂದು ಹೊಲಿಯಬೇಕು. ಪ್ರತಿಯೊಬ್ಬರಿಗೂ ಇದನ್ನೇ ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ಆದರೆ ಹೊಲಿಗೆ ಗೊತ್ತು. ಡೆಂಟಲ್ ಕಾಲೇಜಿನಲ್ಲಿ ನನ್ನನ್ನು ನೋಡಿದ ಪಿಜಿ ಹುಡುಗಿಗೆ, ಅಂದರೆ ಹಲ್ಲಿನ ಡಾಕ್ಟರ್ ಆಗಿ ಮೇಲಿನ ಡಿಗ್ರಿ ಓದುತ್ತಿದ್ದವಳಿಗೆ, ಇದು ಗೊತ್ತಾದ ಮೇಲೆ ಎಲ್ಲವನ್ನೂ ಬಟ್ಟೆ ಲೆಕ್ಕದಲ್ಲೇ ವಿವರಿಸಿದಳು. ನಾನೂ ಹಾಗೇ ಹೇಳುತ್ತೇನೆ.

ಮೊದಲು ಬ್ರಷ್ ತೋರಿಸಿ

ನಾನು ಹಲ್ಲಿನಲ್ಲಿ ದಾರ ಕಚ್ಚುವವಳು. ವಸಡು ಹೋಗಿದ್ದು ಅದರಿಂದಲೇ ಎಂದು ಖಾತ್ರಿಯಾಗಿ ನಂಬಿದ್ದೆ. ಡಾಕ್ಟರ್ ನೋಡಿ ನಕ್ಕರು. ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು ಬಿದ್ದಿತ್ತು, ಅದು ದಾರದ್ದು. ಕೋರೆಹಲ್ಲಿನ ಬೇರು ಕಂಡಿದ್ದು ಮಾತ್ರ ಬ್ರಷ್‌ನಿಂದ. ಬಲಗೈಯವರು ಬಾಯಿಯ ಎಡಗಡೆ ಜಾಸ್ತಿ ಒತ್ತಿ ಉಜ್ಜುತ್ತಾರಂತೆ. ಕೋರೆಹಲ್ಲು ಸಾಲಿನ ತಿರುವಿನಲ್ಲಿ ಉಬ್ಬಿ ನಿಂತಿರುತ್ತದೆ, ಅಲ್ಲಿ ವಸಡೂ ತೆಳು. ಮೊದಲ ಏಟು ಅದಕ್ಕೇ.

ಅದಕ್ಕೇ ಮೊದಲ ಭೇಟಿಗೆ ಮನೆಯ ಬ್ರಷ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಎಳೆಗಳು ಕೆದರಿದ ಬ್ರಷ್ ನೀವು ಹೇಳದ್ದನ್ನೂ ಹೇಳುತ್ತದೆ. ಇದ್ದಿಲು ಪುಡಿ, ಉಪ್ಪು, ಒರಟು ಹಲ್ಲುಪುಡಿ ಹಚ್ಚಿ ಬೆರಳಲ್ಲಿ ತಿಕ್ಕುವ ಅಭ್ಯಾಸ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಎಲೆಅಡಿಕೆ ಜೊತೆ ಕಡ್ಡಿಪುಡಿ, ಗುಟ್ಕಾ ಒಂದೇ ಕಡೆ ಒತ್ತಿಟ್ಟುಕೊಳ್ಳುತ್ತಿದ್ದರೆ ಆ ಜಾಗವನ್ನು ತೋರಿಸಿ. ಕಾರಣ ಹಾಗೇ ಉಳಿದರೆ ಹೊಲಿದದ್ದೂ ಸವೆಯುತ್ತದೆ. ನನಗೆ ಮೃದು ಎಳೆಯ ಬ್ರಷ್ ಕೊಡಿಸಿ, ಹೊಸ ರೀತಿ ಕಲಿಸಿ, ಕೈ ಪಳಗಿದೆಯಾ ಅಂತ ನೋಡಿದ ಮೇಲೆಯೇ ಆಪರೇಷನ್ ಮಾತು ಎತ್ತಿದರು.

ಆ ರೀತಿ ಹೀಗೆ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಬೆರಳ ತುದಿಯಲ್ಲಿ ಸೂಜಿ ಹಿಡಿದ ಹಾಗೆ ಹಿಡಿಯಿರಿ. ಎಳೆಗಳನ್ನು ವಸಡಿನ ಅಂಚಿಗೆ ಓರೆಯಾಗಿ ತಾಗಿಸಿ, ಸ್ವಲ್ಪ ಅಲುಗಿಸಿ, ಹಲ್ಲಿನ ತುದಿಯ ಕಡೆಗೆ ಉರುಳಿಸಿ. ಮೇಲಿನ ಹಲ್ಲಿಗೆ ಕೆಳಮುಖ, ಕೆಳಗಿನ ಹಲ್ಲಿಗೆ ಮೇಲ್ಮುಖ. ಗರಗಸದ ಹಾಗೆ ಅಡ್ಡಡ್ಡ ಎಳೆಯುವುದು ಬಂದ್.

ಎಲ್ಲರಿಗೂ ಆಪರೇಷನ್ ಬೇಕಾಗಿಲ್ಲ. ನಮ್ಮ ಅತ್ತೆಗೆ 74 ವರ್ಷ. ಕೆಳಗಿನ ಹಲ್ಲುಗಳಲ್ಲಿ ನನಗಿಂತ ಜಾಸ್ತಿ ಬೇರು ಕಾಣುತ್ತದೆ. ಆದರೆ ನೋವಿಲ್ಲ, ಜುಮ್ ಅನ್ನುವುದಿಲ್ಲ, ಹುಳುಕಿಲ್ಲ, ವರ್ಷಗಳಿಂದ ಇದ್ದಷ್ಟೇ ಇದೆ. "ಅಜ್ಜಿಗೆ ಏನೂ ಮಾಡೋದು ಬೇಡ" ಎಂದು ಕ್ಲೀನಿಂಗ್ ಮಾಡಿ, ಬೇರಿನ ಮೇಲೆ ಫ್ಲೋರೈಡ್ ಹಚ್ಚಿ ಕಳಿಸಿದರು. ಬರೀ ಜುಮ್ ಅನ್ನುವವರಿಗೂ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ಕೆಲವು ವಾರ ಬಳಸಿ ನೋಡಲು ಹೇಳುತ್ತಾರೆ. ವಸಡು ವರ್ಷದಿಂದ ವರ್ಷಕ್ಕೆ ಜಾರುತ್ತಲೇ ಇದ್ದರೆ, ಬೇರು ಹುಳುಕಾಗುತ್ತಿದ್ದರೆ, ಜುಮ್ ಅನ್ನುವುದು ಯಾವುದಕ್ಕೂ ನಿಲ್ಲದಿದ್ದರೆ, ಬ್ರಷ್ ತಾಗಿಸಲೂ ಆಗದಷ್ಟು ವಸಡು ತೆಳುವಾಗಿದ್ದರೆ, ಇಲ್ಲವೇ ನಕ್ಕಾಗ ಉದ್ದ ಹಲ್ಲು ಕಂಡು ನಿಮಗೇ ಬೇಜಾರಾಗುತ್ತಿದ್ದರೆ ಆಪರೇಷನ್ ಯೋಚಿಸಬಹುದು. ಕೊನೆಯದು ಸಣ್ಣ ಕಾರಣ ಅಂತ ಯಾರಾದರೂ ಅಂದರೆ ಕೇಳಬೇಡಿ.

ಜಾರುತ್ತಿದೆಯಾ, ನಿಂತಿದೆಯಾ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಆರು ತಿಂಗಳಿಗೊಮ್ಮೆ ಅದೇ ಕಿಟಕಿ ಬೆಳಕಲ್ಲಿ, ಅದೇ ಕೋನದಲ್ಲಿ ಮೊಬೈಲಿನಿಂದ ಒಂದು ಫೋಟೋ ತೆಗೆದಿಡಿ. ಬಿಳಿ ಹಲ್ಲು ಮುಗಿದು ಹಳದಿ ಬೇರು ಶುರುವಾಗುವ ಗೆರೆ ಕಾಣುತ್ತದೆ. ಆ ಗೆರೆಯಿಂದ ವಸಡಿನ ಅಂಚಿನವರೆಗಿನ ದೂರವೇ ನಿಮ್ಮ ಲೆಕ್ಕ. ನಾನು ಒಮ್ಮೆ ಟೇಪು ಹಿಡಿದು ಅಳೆಯಲು ಹೋಗಿ ಜೊಲ್ಲು ಸುರಿಸಿಕೊಂಡು ಬಿಟ್ಟೆ. ಫೋಟೋ ಸಾಕು.

ಅಳತೆ ಆಗದೆ ರೇಟು ಕೇಳಬೇಡಿ

ಕಾಲೇಜಿಗೆ ಹೋಗುವ ಮೊದಲು ನಾನು ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಕುರ್ಚಿಯಲ್ಲಿ ಕೂತ ಐದೇ ನಿಮಿಷಕ್ಕೆ "ಲೇಸರ್‌ನಲ್ಲಿ ಮಾಡೋಣ, ಕೊಯ್ಯೋದೇ ಇಲ್ಲ, ಹೊಸ ವಸಡು ಬರುತ್ತೆ" ಎಂದರು. ರೇಟೂ ಹೇಳಿದರು. ಅಳತೆ ಮಾತ್ರ ತೆಗೆಯಲಿಲ್ಲ. ಅಳತೆ ತೆಗೆಯದೆ ಬ್ಲೌಸ್ ಹೊಲಿದುಕೊಡುತ್ತೇನೆ ಅನ್ನುವ ಟೇಲರನ್ನು ನೀವು ನಂಬುತ್ತೀರಾ? ನಾನು ಎದ್ದು ಬಂದೆ. ಲೇಸರ್ ಕೆಟ್ಟದ್ದೇನಲ್ಲ. ತುಟಿಯನ್ನು ವಸಡಿಗೆ ಹಿಡಿದಿಡುವ ಒಳಗಿನ ಎಳೆ ಕತ್ತರಿಸಲು ಬಳಸುತ್ತಾರೆ. ಆದರೆ ಹೋದ ವಸಡನ್ನು ಅದು ಬೆಳೆಸಿಕೊಡುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಈ ಕೆಲಸ ಕಲಿತವರು ಪೆರಿಯೊಡಾಂಟಿಸ್ಟ್‌ಗಳು. ಬಿಡಿಎಸ್ ಎಂಬ ಹಲ್ಲಿನ ಡಾಕ್ಟರ್ ಡಿಗ್ರಿ ಆದ ಮೇಲೆ ವಸಡಿನ ವಿಷಯದಲ್ಲೇ ಎಂಡಿಎಸ್ ಎಂಬ ಮೇಲಿನ ಡಿಗ್ರಿ ಮಾಡಿದವರು. ಬೋರ್ಡ್ ಮೇಲೆ ಬರೀ ಎಂಡಿಎಸ್ ಅಂತ ಇದ್ದರೆ ಯಾವುದರಲ್ಲಿ ಎಂದು ಕೇಳಿ. ಕ್ಲಿಪ್ ಹಾಕುವವರೂ ಎಂಡಿಎಸ್ಸೇ, ರೂಟ್ ಕೆನಾಲ್ ಮಾಡುವವರೂ ಎಂಡಿಎಸ್ಸೇ. ನಮ್ಮೂರಲ್ಲಿ ಬಾಪೂಜಿ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಅಂತ ಎರಡು ಡೆಂಟಲ್ ಕಾಲೇಜಿವೆ. ಬೆಂಗಳೂರಲ್ಲಿ ಸರ್ಕಾರಿ ಡೆಂಟಲ್ ಕಾಲೇಜೇ ಇದೆ. ಧಾರವಾಡ, ಬೆಳಗಾವಿ, ಮೈಸೂರು, ಮಣಿಪಾಲ, ಎಲ್ಲ ಕಡೆ ಕಾಲೇಜುಗಳಿವೆ. ಕಾಲೇಜಿನಲ್ಲಿ ನನಗೆ ಆದ ಖರ್ಚು ಹೊರಗಿನ ಕ್ಲಿನಿಕ್ ಹೇಳಿದ್ದರ ಕಾಲು ಭಾಗವೂ ಇಲ್ಲ. ಬದಲಿಗೆ ಸಮಯ ಹೋಗುತ್ತದೆ. ಪಿಜಿಗಳು ಮಾಡುತ್ತಾರೆ, ದೊಡ್ಡ ಡಾಕ್ಟರ್ ಪಕ್ಕದಲ್ಲಿ ನಿಂತು ನೋಡುತ್ತಾರೆ, ಪ್ರತಿ ಹಂತಕ್ಕೂ ಫೋಟೋ ತೆಗೆಯುತ್ತಾರೆ. ಬಾಯಿ ಅಗಲಿಸಿ ಕೂತಿರುವುದಕ್ಕೆ ತಾಳ್ಮೆ ಬೇಕು. ಹೆಲ್ತ್ ಇನ್ಶೂರೆನ್ಸ್ ಇಂಥದ್ದಕ್ಕೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ, ಪಾಲಿಸಿ ತೆಗೆದು ಒಮ್ಮೆ ನೋಡಿಕೊಳ್ಳಿ.

ಅಳತೆ ತೆಗೆಯುವುದು ಮಿಲಿಮೀಟರ್ ಗೆರೆ ಇರುವ ಸಣ್ಣ ಕಡ್ಡಿಯಿಂದ. ಮೂರು ಅಂಕಿ ಕೇಳಿ ಬರೆದುಕೊಳ್ಳಿ. ವಸಡು ಎಷ್ಟು ಜಾರಿದೆ. ಹಲ್ಲಿಗೂ ವಸಡಿಗೂ ನಡುವಿನ ಸಂದು, ಅಂದರೆ ಪಾಕೆಟ್, ಎಷ್ಟು ಆಳ. ಬೇರಿನ ಅಂಚಿನಲ್ಲಿ ಗಟ್ಟಿ ವಸಡು ಎಷ್ಟು ಅಗಲ ಉಳಿದಿದೆ. ಈ ಗಟ್ಟಿ ವಸಡು ತಿಳಿಗುಲಾಬಿ ಬಣ್ಣದ್ದು, ಅಲುಗುವುದಿಲ್ಲ. ಅದರಾಚೆ ಕೆಂಪಗೆ, ಸಡಿಲವಾಗಿ, ತುಟಿ ಎಳೆದಾಗ ಅಲುಗುವುದು ಬರೀ ಕೆನ್ನೆಯ ಒಳಚರ್ಮ. ಅದರ ಮೇಲೆ ಬ್ರಷ್ ನಿಲ್ಲುವುದಿಲ್ಲ.

ನಾಲ್ಕನೆಯದು ಅಂಕಿಯಲ್ಲ. ಎಲ್ಲಕ್ಕಿಂತ ಮುಖ್ಯ ಅದೇ. ಎರಡು ಹಲ್ಲುಗಳ ನಡುವೆ ತ್ರಿಕೋನದ ಹಾಗೆ ತುಂಬಿಕೊಂಡಿರುವ ವಸಡು, ಅದರ ಹಿಂದಿನ ಮೂಳೆ, ಇವು ಉಳಿದಿವೆಯಾ? ನನ್ನ ಚೀಟಿಯಲ್ಲಿ ಮೇಲಿನ ಎರಡು ಹಲ್ಲಿಗೆ ಆರ್‌ಟಿ 1, ಕೆಳಗಿನದಕ್ಕೆ ಆರ್‌ಟಿ 2 ಎಂದು ಬರೆದಿತ್ತು. ಇಟಲಿಯ ಕೈರೊ ಎಂಬ ಡಾಕ್ಟರ್ ಮತ್ತು ಅವರ ಜೊತೆಗಾರರು 2011ರಲ್ಲಿ ಮಾಡಿದ ವಿಂಗಡಣೆ ಇದು, ಆರ್‌ಟಿ ಅಂದರೆ ರಿಸೆಷನ್ ಟೈಪ್, ವಸಡು ಜಾರಿದ ಬಗೆ. ಹಳೆಯ ಡಾಕ್ಟರ್‌ಗಳು ಇನ್ನೂ ಮಿಲ್ಲರ್ ಕ್ಲಾಸ್ ಅನ್ನುತ್ತಾರೆ, ಅದು 1985ರದ್ದು. ಆರ್‌ಟಿ 1 ಅಂದರೆ ಹಲ್ಲುಗಳ ನಡುವಿನದು ಏನೂ ಹೋಗಿಲ್ಲ, ಬೇರು ಪೂರ್ತಿ ಮುಚ್ಚುವ ಆಸೆ ಇಟ್ಟುಕೊಳ್ಳಬಹುದು. ಆರ್‌ಟಿ 2 ಅಂದರೆ ನಡುವೆಯೂ ಸ್ವಲ್ಪ ಹೋಗಿದೆ, ಪೂರ್ತಿ ಮುಚ್ಚುತ್ತದೆ ಎಂದು ಹೇಳಲಾಗದು. ಆರ್‌ಟಿ 3 ಅಂದರೆ ಮುಂದಿನದಕ್ಕಿಂತ ನಡುವಿನದೇ ಜಾಸ್ತಿ ಹೋಗಿದೆ, ಪೂರ್ತಿ ಮುಚ್ಚುವ ಮಾತೇ ಇಲ್ಲ.

ಲಂಗ ಗಿಡ್ಡವಾಯಿತು ಅಂತ ತಂದಾಗ ನಾನು ಮೊದಲು ಒಳಗೆ ತಿರುಗಿಸಿ ಮಡಿಕೆ ಎಷ್ಟಿದೆ ನೋಡುತ್ತೇನೆ. ಮಡಿಕೆಯಲ್ಲಿ ಬಟ್ಟೆ ಇದ್ದರೆ ಬಿಚ್ಚಿ ಉದ್ದ ಮಾಡಬಹುದು. ಇಲ್ಲದಿದ್ದರೆ ಎಷ್ಟು ದುಡ್ಡು ಕೊಟ್ಟರೂ ಉದ್ದ ಆಗುವುದಿಲ್ಲ, ಬೇರೆ ಬಟ್ಟೆ ಸೇರಿಸಬೇಕು. ಯಾವ ಆಪರೇಷನ್ ಒಳ್ಳೆಯದು ಅಂತ ಇಂಟರ್ನೆಟ್‌ನಲ್ಲಿ ಹುಡುಕಿ ಪ್ರಯೋಜನ ಇಲ್ಲ. ನಿಮ್ಮ ಬಾಯಲ್ಲಿ ಏನು ಉಳಿದಿದೆ ಎಂಬುದೇ ಅದನ್ನು ತೀರ್ಮಾನ ಮಾಡುತ್ತದೆ.

ಯಾವ ಜಾಗಕ್ಕೆ ಯಾವ ಹೊಲಿಗೆ

ಎಲ್ಲಕ್ಕಿಂತ ಸರಳವಾದದ್ದು ಮಡಿಕೆ ಬಿಚ್ಚುವುದು. ಬೇರಿನ ಪಕ್ಕದಲ್ಲಿ ಗಟ್ಟಿ ವಸಡು ದಪ್ಪಗೆ, ಅಗಲವಾಗಿ ಉಳಿದಿದ್ದರೆ ಅದನ್ನು ಸಡಿಲ ಮಾಡಿ, ಹಲ್ಲಿನ ತುದಿಯ ಕಡೆಗೆ ಎಳೆದು, ಹೊಸ ಜಾಗದಲ್ಲಿ ಹೊಲಿಯುತ್ತಾರೆ. ಇದಕ್ಕೆ ಕೊರೊನಲಿ ಅಡ್ವಾನ್ಸ್ಡ್ ಫ್ಲ್ಯಾಪ್ ಅನ್ನುತ್ತಾರೆ. ಅಂಗುಳ ಮುಟ್ಟುವುದಿಲ್ಲ, ಬಣ್ಣ ಬೇರೆಯಾಗುವುದಿಲ್ಲ. ತೆಳು ವಸಡನ್ನು ಎಳೆದರೆ ಮಾತ್ರ ಮತ್ತೆ ಜಾರುವ ಭಯ ಇದೆ. ನನ್ನದು ತೆಳು.

ಪಕ್ಕದ ಹಲ್ಲಿನ ವಸಡು ಧಾರಾಳವಾಗಿದ್ದರೆ ಅದರ ಒಂದು ಪಟ್ಟಿಯನ್ನು ಬುಡ ಬಿಡಿಸದೆ ಈ ಕಡೆಗೆ ಸರಿಸಿ ಹೊಲಿಯುವುದೂ ಉಂಟು. 1956ರಿಂದ ಇರುವ ಪದ್ಧತಿ. ಒಂದೇ ಹಲ್ಲು, ಪಕ್ಕದಲ್ಲಿ ಸಾಹುಕಾರ ವಸಡು, ಹೀಗಿದ್ದರೆ ಸರಿ. ಪಕ್ಕದ್ದೂ ಬಡವನಾದರೆ ಇದು ಬೇಡ.

ನನ್ನ ಮೇಲಿನ ಎರಡು ಹಲ್ಲಿಗೆ ಮಾಡಿದ್ದು ಲೈನಿಂಗ್ ಕೊಡುವ ಕೆಲಸ. ತೆಳು ಶಿಫಾನ್ ಬಟ್ಟೆ ಮೈಮೇಲೆ ನಿಲ್ಲಬೇಕಾದರೆ ಒಳಗೆ ಕಾಟನ್ ಲೈನಿಂಗ್ ಹಾಕುತ್ತೇವೆ ಅಲ್ವಾ? ಅದೇ ಲೆಕ್ಕ. ಅಂಗುಳದಲ್ಲಿ, ಕೋರೆಹಲ್ಲಿನ ಹಿಂದಿನಿಂದ ಮೊದಲ ದವಡೆ ಹಲ್ಲಿನವರೆಗಿನ ಜಾಗದಲ್ಲಿ, ಮೇಲಿನ ಚರ್ಮವನ್ನು ಮುಚ್ಚಳದ ಹಾಗೆ ಎತ್ತಿ ಒಳಪದರದಿಂದ ಒಂದು ತೆಳು ತುಂಡು ತೆಗೆಯುತ್ತಾರೆ. ದಪ್ಪ ಒಂದೂವರೆ ಮಿಲಿಮೀಟರ್ ಇರಬಹುದು. ಮುಚ್ಚಳವನ್ನು ಮತ್ತೆ ಮುಚ್ಚಿ ಹೊಲಿಯುತ್ತಾರೆ. ಆ ತುಂಡನ್ನು ಬೇರಿನ ಮೇಲಿಟ್ಟು, ಅದರ ಮೇಲೆ ವಸಡನ್ನು ಎಳೆದು ಮುಚ್ಚುತ್ತಾರೆ. ಹೆಸರು ಕನೆಕ್ಟಿವ್ ಟಿಶ್ಯೂ ಗ್ರಾಫ್ಟ್. 1985ರಲ್ಲಿ ಲ್ಯಾಂಗರ್ ಎಂಬ ಇಬ್ಬರು ಡಾಕ್ಟರ್‌ಗಳು ಬೇರು ಮುಚ್ಚಲು ಇದನ್ನು ಬರೆದು ತೋರಿಸಿದರು. ಬೇರೆ ಏನೇ ಹೊಸದು ಬಂದರೂ ಇವತ್ತಿಗೂ ಇದಕ್ಕೇ ಹೋಲಿಸಿ ನೋಡುತ್ತಾರೆ.

ಎರಡು ಪದರ ಯಾಕೆ ಬೇಕು ಅಂತ ಕೇಳಿದೆ. ಆ ಹುಡುಗಿ ಕೊಟ್ಟ ಉತ್ತರದಿಂದ ಮುಂದಿನ ಎಲ್ಲ ನಿಯಮಗಳೂ ಅರ್ಥವಾದವು. "ಆಂಟಿ, ಬೇರಲ್ಲಿ ರಕ್ತ ಇಲ್ಲ. ಅದು ಕಲ್ಲಿದ್ದ ಹಾಗೆ. ಅದರ ಮೇಲಿಟ್ಟ ತುಂಡಿಗೆ ಊಟ ಸಿಗೋದು ಅಕ್ಕಪಕ್ಕದಿಂದ, ಮೇಲಿನ ವಸಡಿಂದ. ಮೊದಲ ಎರಡು ದಿನ ಅದಕ್ಕೆ ರಕ್ತನಾಳ ಇರಲ್ಲ, ಒಸರೋ ನೀರು ಹೀರಿಕೊಂಡು ಬದುಕಿರುತ್ತೆ. ಆಮೇಲೆ ನಾಳಗಳು ಹಬ್ಬುತ್ತವೆ. ಅಷ್ಟರಲ್ಲಿ ಅಲುಗಿದ್ರೆ ಸತ್ತೇ ಹೋಗುತ್ತೆ." ಬೇರು ಅಗಲವಾದಷ್ಟೂ ಕೆಲಸ ಕಷ್ಟ. ತಂಬಾಕಿನವರಿಗೆ ಗ್ರಾಫ್ಟ್ ಹಿಡಿಯುವುದು ಕಡಿಮೆ, ಅವರಲ್ಲಿ ರಕ್ತ ಹರಿಯುವುದೇ ಕಮ್ಮಿ. ತುಟಿ ಎತ್ತಿ ನೋಡಬೇಡಿ ಅಂತ ಬಡಿದುಕೊಳ್ಳುವುದೂ ಇದಕ್ಕೇ.

ಸಾಲಾಗಿ ಮೂರು ನಾಲ್ಕು ಹಲ್ಲು ಇದ್ದರೆ ಟನೆಲ್ ಅಂತ ಒಂದು ವಿಧಾನ ಇದೆ. ಲಂಗಕ್ಕೆ ಲಾಡಿ ಪೋಣಿಸಿದ್ದೀರಾ? ಪಿನ್ನಿಗೆ ಸಿಕ್ಕಿಸಿ ಒಂದು ಕಡೆ ತೂರಿಸಿ ಇನ್ನೊಂದು ಕಡೆ ಎಳೆಯುತ್ತೇವೆ, ಮೇಲಿನ ಬಟ್ಟೆ ಹರಿಯುವುದಿಲ್ಲ. ಇದೂ ಹಾಗೇ. ಹಲ್ಲುಗಳ ನಡುವಿನ ತ್ರಿಕೋನವನ್ನು ಕತ್ತರಿಸದೆ ವಸಡಿನ ಕೆಳಗೇ ಸುರಂಗ ಮಾಡಿ, ತುಂಡನ್ನು ದಾರದಲ್ಲಿ ಎಳೆದು ಕೂರಿಸುತ್ತಾರೆ. ಗಾಯ ಕಮ್ಮಿ, ಗುರುತೂ ಕಮ್ಮಿ. ಕೈ ನಾಜೂಕಾಗಿರಬೇಕು. ಪಿನ್‌ಹೋಲ್ ಅಂತ ಹೆಸರು ಮಾಡಿರುವುದು ಇದರ ಹತ್ತಿರದ ನೆಂಟ. ಅಮೆರಿಕದ ಜಾನ್ ಚಾವೊ 2012ರಲ್ಲಿ ಪ್ರಕಟಿಸಿದ್ದು. ಸಣ್ಣ ತೂತಿನಿಂದ ವಸಡನ್ನು ಸಡಿಲ ಮಾಡಿ ಸರಿಸಿ, ಒಳಗೆ ಕೊಲಾಜನ್ ಎಂಬ ಪ್ರೋಟೀನಿನ ಪಟ್ಟಿ ತುಂಬುತ್ತಾರೆ. ಅಂಗುಳದ ಗಾಯ ಇರುವುದಿಲ್ಲ. ನನಗೆ ಇದು ಆಗುತ್ತಾ ಅಂತ ಕೇಳಿದೆ. ನಿಮ್ಮ ವಸಡು ತೆಳು, ದಪ್ಪ ಮಾಡಲೇಬೇಕು, ಅಂಗುಳದ್ದೇ ಒಳ್ಳೆಯದು ಎಂದರು.

ಇನ್ನು ತೇಪೆ. ನನ್ನ ಕೆಳಗಿನ ಹಲ್ಲಿಗೆ ಆದದ್ದು ಇದೇ. ಅಲ್ಲಿ ಗಟ್ಟಿ ವಸಡು ಇರಲೇ ಇಲ್ಲ. ತುಟಿಯ ಒಳಗಿನ ಎಳೆಯೊಂದು ನೇರ ಹಲ್ಲಿನ ಬುಡಕ್ಕೇ ಅಂಟಿಕೊಂಡು, ಮಾತಾಡಿದಾಗೆಲ್ಲ ಎಳೆಯುತ್ತಿತ್ತು. ಮೊದಲು ಆ ಎಳೆ ಬಿಡಿಸಿದರು. ಆಮೇಲೆ ಅಂಗುಳದ ಮೇಲುಚರ್ಮದ ಸಮೇತ ಒಂದು ಚಿಕ್ಕ ಪಟ್ಟಿ ತೆಗೆದು ಆ ಜಾಗಕ್ಕೆ ಹೊಲಿದರು. ಫ್ರೀ ಜಿಂಜೈವಲ್ ಗ್ರಾಫ್ಟ್ ಎನ್ನುತ್ತಾರೆ, 1960ರ ದಶಕದಿಂದ ನಡೆದು ಬಂದದ್ದು. ಬೇರು ಮುಚ್ಚುವುದು ಇದರ ಮೊದಲ ಕೆಲಸ ಅಲ್ಲ. ಗಟ್ಟಿ ಅಂಚು ಕೊಡುವುದು, ಇನ್ನೂ ಜಾರದ ಹಾಗೆ ತಡೆಯುವುದು ಮೊದಲ ಕೆಲಸ. ತೇಪೆ ಯಾವತ್ತಿದ್ದರೂ ತೇಪೆಯೇ. ಅಂಗುಳದ ಬಣ್ಣ ಬಿಳಿಚು, ನನ್ನ ವಸಡು ಕಂದು. ಇವತ್ತಿಗೂ ಬೇರೆಯಾಗಿ ಕಾಣುತ್ತದೆ. ಕೆಳತುಟಿ ಮುಚ್ಚುವ ಜಾಗ, ಯಾರಿಗೂ ಕಾಣದು. ಇದನ್ನೇ ಮೇಲಿನ ಮುಂದಿನ ಹಲ್ಲಿಗೆ ಮಾಡುತ್ತೇವೆ ಅಂದರೆ ಎರಡು ಸಲ ಕೇಳಿ. ಮೇಲುಚರ್ಮವೇ ಹೋಗುವುದರಿಂದ ಅಂಗುಳದ ಗಾಯ ತೆರೆದಿರುತ್ತದೆ, ಬಿದ್ದು ಮೊಣಕಾಲು ತರಚಿದ ಹಾಗೆ. ಎರಡು ಮೂರು ವಾರ ಬೇಕು. ನೋವು ಇದರಲ್ಲೇ ಜಾಸ್ತಿ.

ಅಂಗುಳ ಮುಟ್ಟದ ಬದಲಿ ಸಾಮಾನುಗಳಿವೆ. ನಮ್ಮದು ಮಾಂಸ ತಿನ್ನದ ಮನೆ, ಹಾಗಾಗಿ "ಇದು ಯಾವುದರದ್ದು?" ಅಂತ ನಾನು ಕೇಳಿಯೇ ಕೇಳಿದೆ. ನೀವೂ ನಾಚಿಕೊಳ್ಳದೆ ಕೇಳಿ. ಕೊಲಾಜನ್ ಹಾಳೆಗಳು ಸಾಮಾನ್ಯವಾಗಿ ಹಂದಿ ಅಥವಾ ದನದಿಂದ ತಯಾರಾಗುತ್ತವೆ. ಎಂಡೊಗೇನ್ ಎಂಬ ಜೆಲ್ ಹಂದಿಮರಿಯ ಬೆಳೆಯುತ್ತಿರುವ ಹಲ್ಲಿನಿಂದ ಬಂದದ್ದು. ಅಲೋಡರ್ಮ್ ಎಂಬುದು ದಾನ ಬಂದ ಮನುಷ್ಯರ ಚರ್ಮ, ಜೀವಕೋಶ ತೆಗೆದು ಶುದ್ಧ ಮಾಡಿದ್ದು. ಪಿಆರ್‌ಎಫ್ ಅಂದರೆ ನಿಮ್ಮದೇ ರಕ್ತ. ಕೈಯಿಂದ ತೆಗೆದು ಹತ್ತು ಹನ್ನೆರಡು ನಿಮಿಷ ಮಿಷಿನ್ನಿನಲ್ಲಿ ತಿರುಗಿಸಿದರೆ ಹಳದಿ ಜೆಲ್ಲಿಯಂಥ ಪದರ ಸಿಗುತ್ತದೆ. ಫ್ರಾನ್ಸಿನ ಶುಕ್ರೂನ್ ಎಂಬವರು 2001ರಲ್ಲಿ ತೋರಿಸಿದ್ದು. ಅಂಗುಳದ ತುಂಡಿನಷ್ಟು ಭರವಸೆ ಇದರ ಮೇಲೆ ಇಲ್ಲ ಎಂದರು. ಆದರೆ ನನ್ನ ಅಂಗುಳದ ತೆರೆದ ಗಾಯದ ಮೇಲೆ ಇದನ್ನೇ ಹಚ್ಚಿ ಹೊಲಿದರು, ಆರಾಮ ಅನ್ನಿಸಿತು.

ಒಂದು ಎಚ್ಚರಿಕೆ. ಫ್ಲ್ಯಾಪ್ ಸರ್ಜರಿ ಅಂತ ಇನ್ನೊಂದು ಇದೆ. ಹೆಸರು ಕೇಳಿ ಅದನ್ನೂ ಇದನ್ನೂ ಒಂದೇ ಮಾಡಬೇಡಿ. ಪಾಕೆಟ್ ಆಳವಾಗಿ, ಕೀವು ರಕ್ತ ಬಂದು, ಹಲ್ಲು ಅಲುಗಾಡುವವರಿಗೆ ವಸಡು ಬಿಡಿಸಿ ಒಳಗೆ ಹಲ್ಲಿಗೆ ಗಟ್ಟಿಯಾಗಿ ಅಂಟಿದ ಗಾರೆ ತೆಗೆದು ಮತ್ತೆ ಹೊಲಿಯುತ್ತಾರೆ. ಅದು ಹಲ್ಲು ಉಳಿಸಲು. ಊತ ಇಳಿದ ಮೇಲೆ ಬೇರು ಮೊದಲಿಗಿಂತ ಜಾಸ್ತಿ ಕಾಣುತ್ತದೆ. ನಮ್ಮ ನಾದಿನಿಗೆ ಇದನ್ನು ಯಾರೂ ಮೊದಲೇ ಹೇಳಲಿಲ್ಲ. ಆಪರೇಷನ್ ಆಗಿ ತಿಂಗಳಿಗೆ ಕನ್ನಡಿ ನೋಡಿ ಅತ್ತಳು. ಕೆಲಸ ಕೆಟ್ಟಿರಲಿಲ್ಲ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಹೋಗುವ ಮುಂಚೆ

ನನಗೆ ಸಕ್ಕರೆ ಇದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದಾಗ 8.1 ಬಂತು. ಕಮ್ಮಿ ಮಾಡಿಕೊಂಡು ಬನ್ನಿ ಎಂದು ವಾಪಸ್ ಕಳಿಸಿದರು. ಸಿಟ್ಟು ಬಂತು, ಆದರೆ ಸರಿಯಾಗಿಯೇ ಹೇಳಿದ್ದರು. ಸಕ್ಕರೆ ಜಾಸ್ತಿ ಇದ್ದರೆ ಗಾಯ ಮಾಯುವುದಿಲ್ಲ. ಮೂರು ತಿಂಗಳ ಮೇಲೆ 6.9 ತೋರಿಸಿದೆ, ತಾರೀಕು ಕೊಟ್ಟರು.

ನುಂಗುವ ಎಲ್ಲ ಮಾತ್ರೆಯ ಚೀಟಿ ತೆಗೆದುಕೊಂಡು ಹೋಗಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹೇಳಿ, ನೀವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳದೆ ಅದು ಆಗದು. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವವರೂ ಹೇಳಲೇಬೇಕು. ತಂಬಾಕು ಬಿಡದೆ ಕೂರಬೇಡಿ. ಬೇರಿನ ಮೇಲೆ ಹಳೆ ಸಿಮೆಂಟ್ ಹಾಕಿಸಿದ್ದರೆ ಅದನ್ನೂ ತೋರಿಸಿ. ನನ್ನ ಕೋರೆಹಲ್ಲಿಗೆ ಎರಡು ಸಲ ಹಾಕಿಸಿದ್ದೆ, ಅವರು ಅದನ್ನು ತೆಗೆದು ಬೇರು ನುಣುಪು ಮಾಡಿದರು.

ಹಬ್ಬದ ಮುಂದೆ, ಮದುವೆ ಸೀಸನ್ನಲ್ಲಿ ತಾರೀಕು ಹಾಕಿಸಬೇಡಿ. ಮಾತು ಜಾಸ್ತಿ ಆಡುವ ಕೆಲಸ ಇದ್ದರೆ ಒಂದು ವಾರ ರಜೆ ಬೇಕು. ನಾನು ಆಷಾಢ ನೋಡಿ ಹಾಕಿಸಿದೆ, ಆಗ ಬ್ಲೌಸ್ ಆರ್ಡರ್ ಕಮ್ಮಿ.

ಆ ದಿನ

ತಿಂಡಿ ತಿಂದೇ ಹೋಗಿ. ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಅಂಗುಳಕ್ಕೆ ಚುಚ್ಚಿದ್ದು ಚೆನ್ನಾಗಿಯೇ ಉರಿಯಿತು, ಸುಳ್ಳು ಹೇಳುವುದಿಲ್ಲ. ಅದಾದ ಮೇಲೆ ಒಂದೂವರೆ ಗಂಟೆ ಬರೀ ಎಳೆದ ಹಾಗೆ, ಒತ್ತಿದ ಹಾಗೆ.

ದಾರ ನೋಡಲೇಬೇಕು ಎಂದು ಹಟ ಹಿಡಿದೆ. ಸೂಜಿ ಅರ್ಧಚಂದ್ರದ ಹಾಗೆ ಬಾಗಿದೆ. ಕಣ್ಣಿಲ್ಲ, ದಾರ ಸೂಜಿಗೇ ಅಂಟಿಕೊಂಡು ಬರುತ್ತದೆ. ನಮ್ಮ ಮಿಷಿನ್ ಸೂಜಿಯಲ್ಲಿ ನಂಬರ್ ಜಾಸ್ತಿಯಾದರೆ ಸೂಜಿ ದಪ್ಪ. ಅವರ ದಾರದಲ್ಲಿ ಐದು ಸೊನ್ನೆಗಿಂತ ಆರು ಸೊನ್ನೆ ತೆಳು. ತಲೆಗೂದಲಿನ ಹಾಗೆ ಇತ್ತು. ಹಲ್ಲಿನ ಕುತ್ತಿಗೆಗೆ ದಾರ ಸುತ್ತಿ, ವಸಡನ್ನು ಜೋಳಿಗೆ ತೂಗುಹಾಕಿದ ಹಾಗೆ ಎಳೆದು ಕಟ್ಟಿದರು. ನಾನು ಆ ದಾರದಲ್ಲಿ ಒಂದು ಗುಂಡಿಯನ್ನೂ ಹಚ್ಚಲಾರೆ.

ಆಮೇಲಿನ ಎರಡು ವಾರ

ಮೊದಲ ದಿನ ಹೊರಗಿನಿಂದ ಐಸ್, ಹತ್ತು ನಿಮಿಷ ಇಟ್ಟು ಹತ್ತು ನಿಮಿಷ ಬಿಡುವುದು. ಬಾಯಿ ಮುಕ್ಕಳಿಸಬೇಡಿ, ಜೋರಾಗಿ ಉಗುಳಬೇಡಿ, ಸ್ಟ್ರಾ ಹಾಕಿ ಎಳೆಯಬೇಡಿ. ಊತ ಎರಡು ಮೂರನೇ ದಿನ ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ. ನೋವಿನ ಮಾತ್ರೆ ಅವರು ಬರೆದದ್ದೇ ತೆಗೆದುಕೊಳ್ಳಿ. ಮನೆಯಲ್ಲಿದೆ ಅಂತ ಆಸ್ಪಿರಿನ್ ನುಂಗಬೇಡಿ, ರಕ್ತ ನಿಲ್ಲುವುದಿಲ್ಲ.

ಅಂಗುಳದಿಂದ ರಕ್ತ ಜಿನುಗಿದರೆ ಗಾಬರಿಯಾಗಬೇಡಿ. ಜೊಲ್ಲಿಗೆ ಬೆರೆತು ಅದು ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಒದ್ದೆ ಮಾಡಿದ ಬ್ಯಾಂಡೇಜ್ ಬಟ್ಟೆ ಮಡಿಸಿ, ಬೆರಳಿಟ್ಟು 20 ನಿಮಿಷ ಗಡಿಯಾರ ನೋಡಿಕೊಂಡು ಒತ್ತಿ ಹಿಡಿಯಿರಿ. ಎರಡು ನಿಮಿಷಕ್ಕೊಮ್ಮೆ ತೆಗೆದು ನೋಡಿದರೆ ಲೆಕ್ಕಕ್ಕಿಲ್ಲ. ನನಗೆ ಎರಡನೇ ಆಪರೇಷನ್ ಆದ ರಾತ್ರಿ ಹೀಗಾಯಿತು, ಒದ್ದೆ ಟೀ ಬ್ಯಾಗ್ ಒತ್ತಿ ಹಿಡಿದೆ, ನಿಂತಿತು. ಒತ್ತಿದರೂ ನಿಲ್ಲದಿದ್ದರೆ, ಜ್ವರ ಬಂದರೆ, ಮೂರನೇ ದಿನದ ಮೇಲೂ ಊತ ಏರುತ್ತಲೇ ಇದ್ದರೆ, ಕೀವು ಕಂಡರೆ, ಹೊಲಿಗೆ ಬಿಚ್ಚಿ ತುಂಡು ಅಲುಗಿದರೆ ಫೋನ್ ಮಾಡಿ, ಕಾಯಬೇಡಿ. ತೇಪೆ ಹಾಕಿಸಿಕೊಳ್ಳುವವರು ಅಂಗುಳ ಮುಚ್ಚುವ ಪ್ಲಾಸ್ಟಿಕ್ ಪ್ಲೇಟು ಮೊದಲೇ ಮಾಡಿಸಿಕೊಡಿ ಎಂದು ಕೇಳಿ. ಊಟ ಮಾಡುವಾಗ ಅದು ದೇವರ ಹಾಗೆ.

ಊಟ ತಣ್ಣಗೆ, ಮೆತ್ತಗೆ, ಇನ್ನೊಂದು ಕಡೆಯಿಂದ. ಕಿವುಚಿದ ಮೊಸರನ್ನ, ಆರಿದ ರಾಗಿ ಗಂಜಿ, ಹಾಲಲ್ಲಿ ನೆನೆಸಿದ ಇಡ್ಲಿ, ಬಾಳೆಹಣ್ಣು. ಬಿಸಿ ಕಾಫಿ ಬೇಡ, ಖಾರ ಬೇಡ, ಜೋಳದ ರೊಟ್ಟಿ ಅಂತೂ ಒಂದು ತಿಂಗಳು ಬೇಡ. ನಮ್ಮೂರಿನವರಿಗೆ ಕಷ್ಟ ಮಂಡಕ್ಕಿ ಮೆಣಸಿನಕಾಯಿ ಬಿಡುವುದು. ಮಂಡಕ್ಕಿ ಚೂರು ಹೊಲಿಗೆಯ ಸಂದಿಗೆ ಹೋಗಿ ಕೂತರೆ ಏಳುವುದಿಲ್ಲ, ಶೇಂಗಾ ಚಟ್ನಿಪುಡಿಯೂ ಅಷ್ಟೇ. ಬೆಣ್ಣೆ ದೋಸೆಯನ್ನು ನಾನು ಎಂಟನೇ ದಿನ ಒಳಗಿನ ಮೆತ್ತಗಿನ ಭಾಗ ಮಾತ್ರ ತಿಂದು ನೋಡಿದೆ. ಮಾಡಬಾರದಿತ್ತು.

ಹೊಲಿದ ಜಾಗಕ್ಕೆ ಎರಡು ವಾರ ಬ್ರಷ್ ಇಲ್ಲ, ಉಳಿದ ಹಲ್ಲು ಉಜ್ಜಿ. ಆ ಜಾಗಕ್ಕೆ ಕ್ಲೋರ್‌ಹೆಕ್ಸಿಡಿನ್ ನೀರು. ನನಗೆ ಬರೆದದ್ದು 0.2 ಶೇಕಡದ್ದು, 10 ಎಂಎಲ್, ಒಂದು ನಿಮಿಷ, ದಿನಕ್ಕೆ ಎರಡು ಸಲ, ಎರಡನೇ ದಿನದಿಂದ. ಗುಡುಗುಡು ಮಾಡದೆ ತಲೆ ಆಚೀಚೆ ವಾಲಿಸಿ ಬಿಟ್ಟುಬಿಡಿ. ಪೇಸ್ಟ್ ಹಾಕಿ ಉಜ್ಜಿದ್ದರೆ ಅರ್ಧ ಗಂಟೆ ಬಿಟ್ಟು ಬಳಸಿ. ಹಲ್ಲು ಕಂದಾಗುತ್ತದೆ, ಬಾಯಿ ರುಚಿ ಕೆಡುತ್ತದೆ. ಕಂದು ಕಲೆ ಆಮೇಲೆ ಕ್ಲೀನಿಂಗ್‌ನಲ್ಲಿ ಹೋಗುತ್ತದೆ.

ಮೊದಲ ವಾರ ತೇಪೆ ಬೆಳ್ಳಗೆ, ಸಿಪ್ಪೆ ಸುಲಿದ ಹಾಗೆ ಕಂಡಿತು. ಸತ್ತೇ ಹೋಯಿತು ಅಂದುಕೊಂಡು ಬೆಳಿಗ್ಗೆ ಏಳಕ್ಕೇ ಆ ಹುಡುಗಿಗೆ ಫೋಟೋ ಕಳಿಸಿದೆ. "ಮೇಲಿನ ಪದರ ಉದುರ್ತಿದೆ ಆಂಟಿ, ಹಾಗೇ ಆಗಬೇಕು. ಆದ್ರೆ ಫೋಟೋ ತೆಗೆಯೋಕೆ ತುಟಿ ಎಳೆದ್ರಾ?" ಅಂತ ಬೈದಳು. ಎಳೆದಿದ್ದೆ.

ಹನ್ನೆರಡನೇ ದಿನ ಹೊಲಿಗೆ ತೆಗೆದರು. ಮತ್ತೆ ಬ್ರಷ್ ಶುರುಮಾಡುವಾಗ ಅತಿ ಮೃದುವಾದದ್ದು ಕೊಟ್ಟರು. ಫಲಿತಾಂಶವನ್ನು ಆಗಲೇ ಅಳೆಯಬೇಡಿ. ಊತ ಇದ್ದಾಗ ಎಲ್ಲವೂ ಮುಚ್ಚಿದ ಹಾಗೆ ಕಾಣುತ್ತದೆ. ಆರು ತಿಂಗಳಾದ ಮೇಲೆ ಅದೇ ಗೆರೆ ಕಡ್ಡಿಯಲ್ಲಿ ಅಳೆದಾಗ ಕೋರೆಹಲ್ಲು 0, ಅದರ ಹಿಂದಿನದು ಅರ್ಧ ಮಿಲಿಮೀಟರ್, ಕೆಳಗಿನದು ಒಂದೂವರೆ. ತೇಪೆ ಹಾಕಿದ ಜಾಗದಲ್ಲಿ ವಸಡು ವರ್ಷಗಟ್ಟಲೆ ನಿಧಾನಕ್ಕೆ ಒಂದಿಷ್ಟು ತೆವಳಿಕೊಂಡು ಮೇಲೆ ಬರುವುದೂ ಉಂಟಂತೆ. ಹಾಗಾಗಿ ಕೆಳಗಿನ ಹಲ್ಲಿನ ಅಂಕಿಯನ್ನು ಇನ್ನೂ ಪೆನ್ಸಿಲ್‌ನಲ್ಲೇ ಬರೆದಿಟ್ಟಿದ್ದೇನೆ. ಕ್ಲೀನಿಂಗ್‌ಗೆ ಆರು ತಿಂಗಳಿಗೊಮ್ಮೆ ಹೋಗುತ್ತೇನೆ, ಹೋದಾಗ ಬ್ರಷ್ ತೋರಿಸುತ್ತೇನೆ. ದಾರ ಕಚ್ಚುವುದನ್ನು ಬಿಡಿಸಲು ಕತ್ತರಿಗೆ ಲಾಡಿ ಕಟ್ಟಿ ಮಿಷಿನ್ನಿಗೆ ನೇತುಹಾಕಿದ್ದೇನೆ. ಅದಿದ್ದರೂ ಅವಸರದಲ್ಲಿ ಬಾಯಿ ದಾರದ ಹತ್ತಿರ ಹೋಗಿಬಿಡುತ್ತದೆ.